ಎರಡು ಕೇದಾರಗಳ ನಡುವೆ

ಕಳೆದ ಬೇಸಗೆಯ ರಜೆಯಲ್ಲಿ ನನ್ನೆದುರು ಎರಡು ಆಹ್ವಾನಗಳಿದ್ದವು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಉತ್ತರಕಾಶಿ ಜಿಲ್ಲೆಯ ಕೇದಾರಕಾಂಠ ಶಿಖರವನ್ನೇರಲು ತಂಡ ಕಟ್ಟಿ, 'ಗುರುಗಳೇ, ತಾವೂ ಬರಬೇಕು' ಎಂದು ಬರೆದಿದ್ದರು. ಸಹೋದ್ಯೋಗಿಗಳೋ ಊಖಿಮಠ, ಕೇದಾರನಾಥಗಳ ಯಾತ್ರೆಗೆ ಅಣಿಯಾಗಿದ್ದರು. ಊಖಿಮಠವು ಪಂಚಪೀಠಗಳಲ್ಲೊಂದಾದ ಕೇದಾರಪೀಠದ ನೆಲೆ. ಅಲ್ಲಿನ ರಾವಲರು ವೀರಶೈವ ಜಂಗಮ ಪರಂಪರೆಯವರು. ಕನ್ನಡನಾಡಿನಿಂದ ಹೋದವನಿಗೆ ಅದು ಪರಸ್ಥಳವೆನಿಸದು. ನಾನು ಯಾತ್ರೆಯನ್ನೇ ಆರಿಸಿದೆನು. ಭಕ್ತಿಯೇ ಕಾರಣವೆಂದು ಎಲ್ಲರಿಗೂ ಹೇಳಿದೆನು. ಐವತ್ತು ದಾಟಿದ ಮೊಣಕಾಲುಗಳ ಅಂಜಿಕೆಯನ್ನು ಹೇಳಲಿಲ್ಲ.

ಆದರೆ ಪರ್ವತಕ್ಕೆ ಯಾತ್ರಿಕನೂ ಆರೋಹಿಯೂ ಒಂದೇ. ಗೌರೀಕುಂಡದ ಎತ್ತರ ಸುಮಾರು 2,000 ಮೀಟರ್, ಕೇದಾರನಾಥದ್ದು 3,583. ಶಿಖರವೇರುವವರು ಹೆಚ್ಚುಕಡಿಮೆ ಅಷ್ಟೇ ಏರನ್ನು ನಡುನಡುವೆ ತಂಗಿ, ಮೂರು ನಾಲ್ಕು ದಿನಗಳಲ್ಲಿ ಏರುತ್ತಾರೆ. ನಾವು ಒಂದೇ ಹಗಲಿನಲ್ಲಿ ಏರಹೊರಟೆವು. ಲಿಂಚೋಲಿಯ ಬಳಿ ತಲೆ ಸಿಡಿಯತೊಡಗಿತು, ವಾಂತಿಯಾಯಿತು, ಹೆಜ್ಜೆ ತಪ್ಪಿತು. ದರ್ಶನವಿಲ್ಲದೆಯೇ ಇಳಿದೆನು. ಇಳಿದಂತೆ ಉಸಿರು ಮರಳಿತು. ಲಜ್ಜೆ ಮಾತ್ರ ಉಳಿಯಿತು.

ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವುದು ಊಖಿಮಠದ ಓಂಕಾರೇಶ್ವರನ ಸನ್ನಿಧಿಯಲ್ಲಿ. ಅಲ್ಲಿ ಕುಳಿತಾಗ, ಎಷ್ಟೋ ವರ್ಷ ಪಾಠ ಹೇಳಿದ ಪದವೊಂದು ಹೊಸದಾಗಿ ಹೊಳೆಯಿತು. ಸಂಸ್ಕೃತದಲ್ಲಿ ಕೇದಾರವೆಂದರೆ ಗದ್ದೆ. ಗದ್ದೆಗಿಳಿದವನು ಕಾಯಬಲ್ಲವನಾಗಿರಬೇಕು. ಆ ಶಿಷ್ಯರು ಪರ್ವತದಲ್ಲಿ ಕಲಿತದ್ದೂ ಈ ಕಾಯುವಿಕೆಯನ್ನೇ. ಶ್ರೀಗುರುಕೃಪೆಯಿದ್ದರೆ ಮತ್ತೆ ಹೋಗುವೆನು. ದಾರಿಯಲ್ಲಿ ಎರಡು ರಾತ್ರಿ ತಂಗಿಯೇ ಏರುವೆನು. ಆಗ ಮುಂದೆ ನಡೆಯುವ ಗುರು ನನ್ನ ಆ ಶಿಷ್ಯರೇ ಆಗಲಿ.