ರೇಡಿಯೇಟರಿನಲ್ಲಿ ಅರಿಶಿನ

ಹಳೇ ಅಂಬಾಸಿಡರ್‌ಗೆ ರೇಡಿಯೇಟರ್ ಬದಲಾಯಿಸಬೇಕು ಅಂತ ಬಾಯಿ ಬಿಟ್ಟರೆ ಸಾಕು, ಸಲಹೆಗೆ ಬರವೇ ಇಲ್ಲ. ಅಲ್ಯೂಮಿನಿಯಂದು ಹಾಕ್ಸಿ ಅಂತಾರೆ ಒಬ್ಬರು. ಸುಮೋದು ತಂದು ಕೂರಿಸಿ ಅಂತಾರೆ ಇನ್ನೊಬ್ಬರು. ಕಾರನ್ನೇ ಮಾರಿಬಿಡಿ, ಮದುವೆ ಬಾಡಿಗೆಗೆ ಬಿಡೋರು ಒಳ್ಳೇ ರೇಟು ಕೊಡ್ತಾರೆ ಅಂತಾರೆ ಮತ್ತೊಬ್ಬರು. ನಮ್ಮ ಮನೇಲಿ ಈ ಮೂರೂ ಮಾತು ಒಂದೇ ವಾರದಲ್ಲಿ ಬಂದವು. ಮೂರನೆಯದನ್ನು ಹೇಳಿದ್ದು ಅಪ್ಪ. ಹಾಗಾಗಿ ಅದನ್ನು ತಮಾಷೆ ಅಂತ ಬಿಡೋ ಹಾಗಿರಲಿಲ್ಲ.

ನಮ್ಮದು 1991ರ ನೋವಾ, ಪೆಟ್ರೋಲ್ ಗಾಡಿ. ನಂಬರು ಕೆಎ 09. ಚಾಮರಾಜನಗರ ಪ್ರತ್ಯೇಕ ಜಿಲ್ಲೆ ಆಗಿದ್ದು 1997ರಲ್ಲಿ, ಅಲ್ಲೀವರೆಗೆ ನಮ್ಮ ಕಡೆ ಗಾಡಿಗಳಿಗೆಲ್ಲ ಮೈಸೂರಿನ ನಂಬರೇ. ತಾತ ಹರದನಹಳ್ಳಿ ಸುತ್ತಮುತ್ತ ಅರಿಶಿನ ಕೊಂಡು ಈರೋಡ್ ಮಂಡಿಗೆ ಲಾರಿಯಲ್ಲಿ ಕಳಿಸಿ, ತಾವು ಈ ಕಾರಲ್ಲಿ ಹಿಂದೆಯೇ ಹೋಗ್ತಿದ್ದರಂತೆ. ಊರಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರಿಗೆ ಹಾವು ಕಚ್ಚಿದರೂ ಇದೇ ಕಾರು ಚಾಮರಾಜನಗರದ ಆಸ್ಪತ್ರೆಗೆ ಓಡಿದೆ. ದಿವ್ಯಲಿಂಗೇಶ್ವರನ ಗುಡಿ ಕಡೆಯ ಬೀದಿಗಳಲ್ಲಿ ‘ನಾನು ಈ ಕಾರಲ್ಲೇ ಹುಟ್ಟಬೇಕಾಗಿದ್ದೋನು, ಸ್ವಲ್ಪದರಲ್ಲಿ ಆಸ್ಪತ್ರೆ ಸಿಕ್ತು’ ಅನ್ನೋರು ಈಗಲೂ ಇದ್ದಾರೆ.

ಇಷ್ಟೆಲ್ಲ ಇದ್ದೂ ಅಪ್ಪ ಮಾರೋ ಮಾತಾಡಿದ್ದಕ್ಕೆ ಕಾರಣ ಅವ್ವ. ಬೇಸಿಗೆಯಲ್ಲಿ ಇಬ್ಬರೂ ಬಣ್ಣಾರಿ ಮಾರಿಯಮ್ಮನ ಗುಡಿಗೆ ಹೋಗಿದ್ದರು. ವಾಪಸ್ ಬರುವಾಗ ದಿಂಬಂ ಘಾಟಿಯ ಅರ್ಧದಲ್ಲಿ ಕಾರು ಕುದಿದು ನಿಂತಿತು. ಆ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಅದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, ಆನೆಗಳೂ ಇರೋ ಜಾಗ. ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಅವ್ವನಿಗೆ ಮಂಡಿ ನೋವು, ನಿಲ್ಲೋಕಾಗಲ್ಲ. ತಿರುವಿನ ಕಲ್ಲಿನ ಮೇಲೆ ಒಂದೂವರೆ ಗಂಟೆ ಕೂತಿದ್ದರು. ಕೊನೆಗೆ ಯಾರೋ ಲಾರಿಯೋರು ಎರಡು ಕ್ಯಾನು ನೀರು ಕೊಟ್ಟರಂತೆ.

“ಇನ್ನೊಂದ್ಸಲ ನಿಮ್ಮವ್ವನ್ನ ಹಂಗೆ ರೋಡಲ್ಲಿ ಕೂರಿಸೋ ಹಂಗಾದ್ರೆ ಕೊಟ್ಟುಬುಡ್ತೀನಿ ಕಣಪ್ಪ ಇದ್ನ” ಅಂದ್ರು ಅಪ್ಪ ಫೋನಲ್ಲಿ. ಸಿಟ್ಟಲ್ಲಿ ಹೇಳಿದ್ದಲ್ಲ, ಮೆಲ್ಲಗೆ ಹೇಳಿದ್ದು. ಅಪ್ಪ ಮೆಲ್ಲಗೆ ಹೇಳಿದ್ದನ್ನು ಮಾಡೇ ಮಾಡ್ತಾರೆ.

ಬೆಂಗಳೂರಿಂದ ಎರಡು ದಿನ ರಜೆ ಹಾಕಿ ಹೋದೆ. ಮೊದಲು ನೋಡಬೇಕಿದ್ದು ಒಂದೇ: ತಪ್ಪು ರೇಡಿಯೇಟರಿಂದೇನಾ ಅಂತ. ಕೆಲಸದಲ್ಲೂ ಅಷ್ಟೇ ಅಲ್ವಾ, ಲಾಗ್ ನೋಡದೆ ಸರ್ವರ್ ಬದಲಾಯಿಸಿದರೆ ಬಗ್ ಹೊಸ ಸರ್ವರಿಗೂ ಬರುತ್ತೆ. ಕಾರು ಕುದಿಯೋಕೆ ಹತ್ತು ಕಾರಣ ಇರಬಹುದು. ಸಡಿಲವಾದ ಫ್ಯಾನ್ ಬೆಲ್ಟು, ಸವೆದ ವಾಟರ್ ಪಂಪು, ಅಂಟಿಕೊಂಡ ಥರ್ಮೋಸ್ಟಾಟು, ತಪ್ಪಿದ ಟೈಮಿಂಗು, ಸುಟ್ಟ ಹೆಡ್ ಗ್ಯಾಸ್ಕೆಟ್ಟು.

ನನ್ನ ಹತ್ತಿರ ದೂರದಿಂದಲೇ ಬಿಸಿ ಅಳೆಯೋ ಇನ್‌ಫ್ರಾರೆಡ್ ಗನ್ ಒಂದಿತ್ತು. ಕೊರೋನಾ ಕಾಲದಲ್ಲಿ ಹಣೆಗೆ ಹಿಡೀತಿದ್ದರಲ್ಲ, ಅದಲ್ಲ. ಅದು ಜ್ವರ ದಾಟಿದ ಮೇಲೆ ಕೈ ಎತ್ತಿಬಿಡುತ್ತೆ. ಇದು ಕಾರ್ಖಾನೆಗಳಲ್ಲಿ ಬಳಸೋದು. ಇಂಜಿನ್ ಬಿಸಿ ಮಾಡಿ ರೇಡಿಯೇಟರಿನ ಮುಖದ ಮೇಲೆ ಎಡದಿಂದ ಬಲಕ್ಕೆ ಹಿಡಿದುಕೊಂಡು ಹೋದೆ. ಅಂಬಾಸಿಡರಿನ ರೇಡಿಯೇಟರಿನಲ್ಲಿ ನೀರು ಮೇಲಿನ ಟ್ಯಾಂಕಿನಿಂದ ಸಣ್ಣ ಸಣ್ಣ ಕೊಳವೆಗಳಲ್ಲಿ ಕೆಳಕ್ಕಿಳಿಯುತ್ತೆ. ನಡುವಿನಲ್ಲಿ 80ರ ಮೇಲೆ ತೋರಿಸ್ತಿದ್ದ ಗನ್ನು ಬಲಗಡೆಯ ಒಂದು ಉದ್ದ ಪಟ್ಟಿಯಲ್ಲಿ 45ಕ್ಕೆ ಇಳೀತು. ತಣ್ಣಗಿದೆ ಅಂದ್ರೆ ಒಳ್ಳೇದಲ್ಲ. ಆ ಕೊಳವೆಗಳಲ್ಲಿ ಬಿಸಿನೀರು ಹರೀತಾನೇ ಇಲ್ಲ, ಕಟ್ಟಿಕೊಂಡಿವೆ ಅಂತ. ಗನ್ ಇಲ್ಲದೋರು ಇಂಜಿನ್ ಆಫ್ ಮಾಡಿ, ಫ್ಯಾನ್ ಪೂರ್ತಿ ನಿಂತ ಮೇಲೆ, ಅಂಗೈ ಹತ್ತಿರ ಹಿಡಿದರೂ ಗೊತ್ತಾಗುತ್ತೆ. ಬಿಸಿ ಇದ್ದಾಗ ಮುಚ್ಚಳಕ್ಕೆ ಮಾತ್ರ ಕೈ ಹಾಕಬಾರದು.

ಥರ್ಮೋಸ್ಟಾಟ್ ಇದ್ದ ಜಾಗ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ! ಯಾವ ಕಾಲದಲ್ಲೋ ಯಾರೋ ಮೆಕ್ಯಾನಿಕ್ಕು ‘ನಮ್ಮ ಸೆಕೆಗೆ ಇದ್ಯಾಕೆ’ ಅಂತ ಕಿತ್ತುಹಾಕಿದ್ದಾರೆ. ಹಳೇ ಗಾಡಿಗಳಲ್ಲಿ ಇದು ಮಾಮೂಲು. ಅದಿಲ್ಲದಿದ್ದರೆ ಬೆಳಗಿನ ಹೊತ್ತು ಇಂಜಿನ್ ಬಿಸಿಯಾಗೋಕೆ ತುಂಬಾ ಹೊತ್ತು ಹಿಡಿಯುತ್ತೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತೆ. 82 ಡಿಗ್ರಿಗೆ ತೆರೆದುಕೊಳ್ಳೋದು ಒಂದು ತರಿಸಿ, ಅವ್ವನ ಪಾತ್ರೆಯಲ್ಲಿ ನೀರಿಗೆ ಹಾಕಿ ಒಲೆ ಮೇಲಿಟ್ಟು ಪರೀಕ್ಷೆ ಮಾಡಿದೆ. “ಸಾರಿಗೆ ಒಗ್ಗರಣೆ ಹಾಕ್ಲಾ?” ಅಂದ್ರು ಅವ್ವ.

ರೇಡಿಯೇಟರಿನ ನೀರು ಖಾಲಿ ಮಾಡಿದಾಗ ಬಂದದ್ದು ಮಾತ್ರ ನೋಡೋ ಹಾಗಿತ್ತು. ತುಕ್ಕಿನ ಕೆಂಪು, ಅದರ ಜೊತೆ ಅರಿಶಿನದ ಬಣ್ಣದ ಗಸಿ. ಅಪ್ಪ ನಕ್ಕರು. ತಾತನ ಕಾಲದ ಡ್ರೈವರಿನ ಕೈಚಳಕ ಅದು. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ ಸುರಿಯೋದು. ಪುಡಿ ನೆಂದು ಉಬ್ಬಿ ಸಣ್ಣ ತೂತಿಗೆ ಹೋಗಿ ಕೂತು ಸೋರಿಕೆ ನಿಲ್ಲಿಸುತ್ತೆ. ದೇಶದ ತುಂಬಾ ಲಾರಿ ಡ್ರೈವರುಗಳಿಗೆ ಗೊತ್ತಿರೋ ಉಪಾಯ, ಅರಿಶಿನ ಬೆಳೆಯೋ ನಮ್ಮೂರಲ್ಲಂತೂ ಪುಡಿಗೇನು ಕೊರತೆ? ಕಾಡಿನ ನಡುವೆ ಸಿಕ್ಕಿಕೊಂಡೋರನ್ನು ಊರು ಮುಟ್ಟಿಸೋಕೆ ಒಳ್ಳೇ ಉಪಾಯವೇ. ಆದರೆ ಆ ಪುಡಿಗೆ ತೂತು ಯಾವುದು, ಕೊಳವೆ ಯಾವುದು ಅಂತ ಗೊತ್ತಿಲ್ಲ. ಅದರ ಮೇಲೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು. ಸ್ನಾನದ ಹಂಡೆಯ ತಳದಲ್ಲಿ ಬಿಳೀ ಪದರ ಕಟ್ಟುತ್ತಲ್ಲ, ಅದೇ ಕೊಳವೆಯೊಳಗೂ ಕಟ್ಟುತ್ತೆ.

ರೇಡಿಯೇಟರೇ ಅಪರಾಧಿ ಅಂತಾಯ್ತು. ಈಗ ಯಾವುದು ಹಾಕೋದು?

ಮೊದಲು ಮನಸ್ಸು ಹೋದದ್ದು ಅಲ್ಯೂಮಿನಿಯಂ ಕಡೆಗೇ. ಹಗುರ, ಈಗಿನ ಕಾರುಗಳಲ್ಲೆಲ್ಲ ಅದೇ, ಅಳತೆ ಕೊಟ್ಟರೆ ಮಾಡಿಕೊಡೋರೂ ಇದ್ದಾರೆ. ಶಾಖ ಸಾಗಿಸೋದರಲ್ಲಿ ತಾಮ್ರವೇ ಮುಂದು. ತಾಮ್ರದ್ದು ಸುಮಾರು 400 ಅಂತ ಇಟ್ಟುಕೊಂಡರೆ ಅಲ್ಯೂಮಿನಿಯಂದು 235ರ ಆಸುಪಾಸು. ಆದರೆ ‘ತಾಮ್ರದ ರೇಡಿಯೇಟರ್’ ಪೂರ್ತಿ ತಾಮ್ರ ಅಲ್ಲ. ರೆಕ್ಕೆಗಳಷ್ಟೇ ತಾಮ್ರ, ಕೊಳವೆ ಮತ್ತು ಟ್ಯಾಂಕು ಹಿತ್ತಾಳೆ, ಎರಡನ್ನೂ ಕೂಡಿಸಿರೋದು ಸೀಸ-ತವರದ ಬೆಸುಗೆ. ಬೆಸುಗೆ ಶಾಖವನ್ನು ಅಷ್ಟು ಚೆನ್ನಾಗಿ ಬಿಟ್ಟುಕೊಡಲ್ಲ. ಅಲ್ಯೂಮಿನಿಯಂನಲ್ಲಿ ಆ ಬೆಸುಗೆ ಇಲ್ಲ, ಕೊಳವೆಯನ್ನೂ ಅಗಲ ಮಾಡಬಹುದು. ಹಾಗಾಗಿ ಒಳ್ಳೇ ಅಲ್ಯೂಮಿನಿಯಂ ರೇಡಿಯೇಟರು ಕೆಲಸದಲ್ಲಿ ಏನೂ ಕಮ್ಮಿ ಇಲ್ಲ. ಕಾಗದದ ಮೇಲೆ ಅದೇ ಗೆಲ್ಲುತ್ತೆ.

ಆದರೆ ಕಾರು ಓಡೋದು ಕಾಗದದ ಮೇಲಲ್ಲ. ಅಲ್ಯೂಮಿನಿಯಂಗೆ ಕೂಲೆಂಟ್ ಕಡ್ಡಾಯ. ತುಕ್ಕು ತಡೆಯೋ ಮದ್ದಿಲ್ಲದ ಗಡಸು ನೀರನ್ನು ಹೊಯ್ದರೆ ಒಳಗಿಂದಲೇ ತೂತು ಬೀಳುತ್ತೆ. ಅಪ್ಪ ದಾರೀಲಿ ನೀರು ಕಮ್ಮಿಯಾದರೆ ಎಲ್ಲಿಂದ ತುಂಬ್ತಾರೆ? ಟೀ ಅಂಗಡಿಯ ಕೊಡದಿಂದ, ಇಲ್ಲ ತೋಟದ ಪಂಪ್‌ಸೆಟ್ಟಿನಿಂದ. ಇದು ಮೊದಲನೇ ತೊಂದರೆ. ಎರಡನೆಯದು, ಹಾಸನೂರಿನಲ್ಲೋ ಪುಣಜನೂರಿನಲ್ಲೋ ಸೋರೋಕೆ ಶುರುವಾದರೆ ಅಲ್ಯೂಮಿನಿಯಂ ಬೆಸೆಯೋರನ್ನು ಎಲ್ಲಿ ಹುಡುಕೋದು? ಹಿತ್ತಾಳೆಗಾದರೆ ಗ್ಯಾಸ್ ಬರ್ನರ್ ಇರೋ ಯಾವ ಕೈಗಾದರೂ ಬೆಸುಗೆ ಹಾಕೋಕೆ ಬರುತ್ತೆ.

ಸುಮೋ ರೇಡಿಯೇಟರಿನ ಸಲಹೆಯನ್ನು ಅಲ್ಲಿಗೇ ಬಿಟ್ಟೆ. ಮುಂದಿನ ತಗಡು ಕೊಯ್ಯಬೇಕು, ಪೈಪುಗಳ ಬಾಯಿ ಹೊಂದಲ್ಲ. ತಾತನ ಕಾರನ್ನು ಕೊಯ್ಯೋ ಮಾತು ಅಪ್ಪನ ಮುಂದೆ ಎತ್ತೋ ಧೈರ್ಯ ನನಗಂತೂ ಇಲ್ಲ.

ಅಂಬಾಸಿಡರಿಗೇ ಅಂತ ಮಾಡಿದ ಹೊಸ ರೇಡಿಯೇಟರು ಈಗಲೂ ಸಿಗುತ್ತೆ. ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಅಂಬಾಸಿಡರ್ ಮಾಡೋದು ನಿಲ್ಲಿಸಿತಾದರೂ, 1958ರಿಂದ ಅಷ್ಟು ವರ್ಷ ಮಾಡಿದ ಕಾರಲ್ವಾ, ಬಿಡಿಭಾಗದ ವ್ಯಾಪಾರ ಒಂದೇ ಸಲಕ್ಕೆ ಸಾಯಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಶನಿವಾರ ಪೂರ್ತಿ ಅಲೆದೆ. ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡಿದ್ದೆ. ತಾಮ್ರಕ್ಕೂ ಹಿತ್ತಾಳೆಗೂ ಮ್ಯಾಗ್ನೆಟ್ ಅಂಟಲ್ಲ. ಟ್ಯಾಂಕಿಗೆ ಟಪ್ ಅಂತ ಅಂಟಿಕೊಂಡರೆ ಅದು ಕಪ್ಪು ಪೇಂಟ್ ಬಳಿದ ಕಬ್ಬಿಣದ ತಗಡು. ನೋಡಿದ ನಾಲ್ಕರಲ್ಲಿ ಒಂದು ಹಾಗೆ ಅಂಟಿತು. ಇನ್ನೆರಡರಲ್ಲಿ ರೆಕ್ಕೆಗಳು ವಿರಳವಾಗಿದ್ದವು. ನಾಲ್ಕನೆಯದು ಪರವಾಗಿಲ್ಲ ಅನ್ನಿಸಿತು, ರೇಟು ಏಳೂವರೆ ಸಾವಿರ. ಅದರ ಫೋಟೋ ಅಪ್ಪನಿಗೆ ಕಳಿಸಿದೆ. “ಹಗುರ ಅದೆಯಾ, ತೂಕ ಅದೆಯಾ?” ಅಂತ ಒಂದೇ ಪ್ರಶ್ನೆ ಬಂತು. ಹಗುರವಾಗೇ ಇತ್ತು.

ಉಳಿದದ್ದು ರೀಕೋರ್. ಅಂದ್ರೆ ಹಳೇ ಹಿತ್ತಾಳೆ ಟ್ಯಾಂಕುಗಳನ್ನು ಇಟ್ಟುಕೊಂಡು, ನಡುವಿನ ಕೊಳವೆ-ರೆಕ್ಕೆಯ ಕೋರ್ ಮಾತ್ರ ಹೊಸದು ಹಾಕಿ ಬೆಸೆಯೋದು. ಇದಕ್ಕಿಂತ ಅಗ್ಗದ ದಾರಿ ರಾಡ್ ಹೊಡೆಸೋದು. ಮೇಲಿನ ಟ್ಯಾಂಕು ಬಿಚ್ಚಿ ಒಂದೊಂದು ಕೊಳವೆಗೂ ಚಪ್ಪಟೆ ಸಲಾಕೆ ತೂರಿಸಿ ಕಸ ತೆಗೀತಾರೆ. ಆದರೆ ಮೂವತ್ತು ವರ್ಷ ದಾಟಿದ ಕೊಳವೆಯ ಗೋಡೆ ತೆಳ್ಳಗಾಗಿರುತ್ತೆ, ಸಲಾಕೆ ಕಸದ ಜೊತೆ ಕೊಳವೆಯನ್ನೂ ಹರಿದರೆ?

ಮೈಸೂರಿನಲ್ಲಿ ಹಳೇ ಲಾರಿ, ಟ್ರ್ಯಾಕ್ಟರ್ ರೇಡಿಯೇಟರುಗಳನ್ನು ಮಾಡೋ ಒಬ್ಬರು ಭಾಯ್ ಇದ್ದಾರೆ ಅಂತ ಅಪ್ಪನ ಸ್ನೇಹಿತರು ಹೇಳಿದರು. ಅರವತ್ತು ದಾಟಿದವರು. ಅಂಗಡಿ ಅಂದ್ರೆ ಒಂದು ಶೆಡ್ಡು, ಒಂದು ಸಿಮೆಂಟಿನ ನೀರಿನ ತೊಟ್ಟಿ, ಒಂದು ಗ್ಯಾಸ್ ಬರ್ನರು. ನಮ್ಮದನ್ನು ಎತ್ತಿ ನೋಡಿ, ಮೇಲಿನ ಟ್ಯಾಂಕನ್ನು ಬೆರಳಲ್ಲಿ ತಟ್ಟಿ, “ಗುಜರಿಯವ್ರಿಗೆ ಮಾತ್ರ ಕೊಡಬೇಡಿ ಸಾರ್, ಈ ದಪ್ಪದ ಹಿತ್ತಾಳೆ ಈಗೆಲ್ಲಿ ಬರ್ತದೆ” ಅಂದ್ರು. ಕೋರ್ ಸೇರಿ ಒಂಬತ್ತೂವರೆ ಸಾವಿರ. ಹೊಸದಕ್ಕಿಂತ ಎರಡು ಸಾವಿರ ಜಾಸ್ತಿ.

ಹಳೇದರಲ್ಲಿ ಕೊಳವೆಗಳು ಮೂರು ಸಾಲಿದ್ದವು. ಘಾಟಿ ಹತ್ತಬೇಕು, ನಾಲ್ಕು ಸಾಲಿನದು ಹಾಕಬಹುದಾ ಅಂತ ಕೇಳಿದೆ. ಭಾಯ್ ತಲೆ ಅಲ್ಲಾಡಿಸಿದರು. ಮೊದಲ ಮೂರು ಸಾಲು ದಾಟಿ ಬರೋ ಗಾಳಿ ಆಗಲೇ ಬಿಸಿಯಾಗಿರುತ್ತೆ, ನಾಲ್ಕನೇ ಸಾಲಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಮೇಲಾಗಿ ಕೋರ್ ದಪ್ಪ ಆದಷ್ಟೂ ಗಾಳಿ ನುಗ್ಗೋದು ಕಷ್ಟ. ಘಾಟಿಯಲ್ಲಿ ಕಾರು ನಿಧಾನ ಹೋಗೋವಾಗ ಗಾಳಿಯೇ ಕಮ್ಮಿ. ಅದರ ಬದಲು ಮೂರೇ ಸಾಲು, ರೆಕ್ಕೆ ಒತ್ತೊತ್ತಾಗಿರೋ ಕೋರ್ ಹಾಕ್ತೀನಿ ಅಂದರು. ಇಂಜಿನಿಯರಿಂಗ್ ಓದುವಾಗ ಹೀಟ್ ಟ್ರಾನ್ಸ್‌ಫರ್ ಅನ್ನೋದು ಬರೀ ಮಾರ್ಕ್ಸ್ ವಿಷಯವಾಗಿತ್ತು. ಭಾಯ್ ಅದನ್ನೇ ಎರಡು ನಿಮಿಷದಲ್ಲಿ, ಬೀಡಿ ಹಚ್ಚೋದರೊಳಗೆ ಹೇಳಿ ಮುಗಿಸಿದರು.

ಕೋರ್ ಬೆಸೆದ ಮೇಲೆ ಬಾಯಿಗಳನ್ನು ಮುಚ್ಚಿ, ಒಳಗೆ ಗಾಳಿ ತುಂಬಿ, ತೊಟ್ಟಿಯಲ್ಲಿ ಮುಳುಗಿಸಿದರು. ಒಂದು ಮೂಲೆಯಿಂದ ಗುಳ್ಳೆ ಬಂತು. ತೆಗೆದು ಮತ್ತೆ ಬೆಸೆದರು. ಎರಡನೇ ಸಲ ನೀರು ಅಲ್ಲಾಡಲಿಲ್ಲ.

ಮುಚ್ಚಳದ ವಿಷಯ ಹೇಳಲೇಬೇಕು, ಯಾಕಂದ್ರೆ ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುತ್ತೆ. ಒಂದು ಪಿಎಸ್‌ಐ ಒತ್ತಡ ಏರಿದರೆ ನೀರು ಕುದಿಯೋ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲಕ್ಕೆ ಹೋಗುತ್ತೆ. ನಮ್ಮ ಮುಚ್ಚಳದ ರಬ್ಬರ್ ಸತ್ತು ಹೋಗಿತ್ತು, ಒತ್ತಡವೇ ನಿಲ್ತಿರಲಿಲ್ಲ. ಹಾಗಂತ ಈಗಿನ ಕಾರುಗಳ ಜಾಸ್ತಿ ಒತ್ತಡದ ಮುಚ್ಚಳ ತಂದು ಹಾಕಿದರೆ ಹಳೇ ಟ್ಯಾಂಕಿನ ಬೆಸುಗೆ ಬಿಟ್ಟುಕೊಳ್ಳುತ್ತೆ. ಹಳೇ ಮುಚ್ಚಳದ ಮೇಲೆ ಬರೆದಿರೋ ಅಂಕಿಯನ್ನೇ ನೋಡಿ ಹೊಸದು ತಂದೆ. ಬೆಲೆ ನೂರೈವತ್ತು ರೂಪಾಯಿ.

ಇಂಜಿನ್ ಬ್ಲಾಕಿನ ಗಸಿಯನ್ನೂ ನೀರು ಬಿಟ್ಟು ತೊಳೆದೆವು. ಇಲ್ಲದಿದ್ದರೆ ತಾತನ ಕಾಲದ ಅರಿಶಿನ ಹೊಸ ಕೋರಿಗೂ ಬಂದು ಕೂರುತ್ತಿತ್ತು. ಡಿಸ್ಟಿಲ್ಡ್ ವಾಟರು, ಕೂಲೆಂಟು ಬೆರೆಸಿ ತುಂಬಿದ್ದಾಯ್ತು. ಅದೇ ಮಿಶ್ರಣದ ಐದು ಲೀಟರ್ ಕ್ಯಾನು ಡಿಕ್ಕಿಯಲ್ಲಿ.

ನವರಾತ್ರಿ ಕಳೆದ ಮೇಲೆ ಮೂವರೂ ಬಣ್ಣಾರಿಗೆ ಹೊರಟೆವು. ಅವ್ವ ಮೊದಲು ಬರಲ್ಲ ಅಂದರು, ಆಮೇಲೆ ಬುತ್ತಿ ಕಟ್ಟಿಕೊಂಡು ಬಂದು ಕೂತರು. ನಮ್ಮ ಕಡೆಯಿಂದ ಹೋಗುವಾಗ ಘಾಟಿ ಇಳಿಜಾರು, ಪರೀಕ್ಷೆ ಏನಿದ್ದರೂ ವಾಪಸ್ ಬರುವಾಗ. ಮಧ್ಯಾಹ್ನ ಎರಡೂವರೆಗೆ ಹತ್ತೋಕೆ ಶುರು ಮಾಡಿದೆವು. ಅಪ್ಪ ಎರಡನೇ ಗೇರಿನಲ್ಲೇ ಹತ್ತಿಸಿದರು. ಅದು ಸರಿಯಾದ ಕ್ರಮ. ಈ ಕಾರಿನ ಫ್ಯಾನೂ ಪಂಪೂ ಇಂಜಿನ್ನಿನ ಬೆಲ್ಟಿಗೇ ಕಟ್ಟಿಕೊಂಡಿವೆ. ಮೇಲಿನ ಗೇರಿನಲ್ಲಿ ಇಂಜಿನ್ ಉಸಿರುಗಟ್ಟುತ್ತಾ ನಿಧಾನ ತಿರುಗಿದರೆ ಫ್ಯಾನೂ ನಿಧಾನವಾಗುತ್ತೆ.

ಹಿಂದಿನ ಸಲ ನಿಂತಿದ್ದ ತಿರುವು ಬಂದಾಗ ಅವ್ವ ಆ ಕಲ್ಲನ್ನು ತೋರಿಸಿದರು. ಅಪ್ಪ ಮೀಟರ್ ನೋಡಿದರು, ನಾನೂ ನೋಡಿದೆ. ಮುಳ್ಳು ನಡುವಿನಿಂದ ಒಂದು ಕೂದಲು ಮೇಲಿತ್ತು. ಯಾರೂ ಮಾತಾಡಲಿಲ್ಲ. ದಿಂಬಂ ಮೇಲೆ ಟೀಗೆ ನಿಲ್ಲಿಸಿ ಬಾನೆಟ್ ಎತ್ತಿ ಗನ್ ಹಿಡಿದೆ. ಮೇಲಿನ ಪೈಪು 91, ಕೆಳಗಿನದು 82. ಪಟ್ಟಿ ಎಲ್ಲೂ ತಣ್ಣಗಿಲ್ಲ.

“ಎಷ್ಟದೆ?” ಅಂದ್ರು ಅಪ್ಪ. ಹೇಳಿದೆ.

“ಮಾರೋದೇನೂ ಬೇಡ ಬುಡು. ಆದ್ರೆ ಒಂದು ಬೆಲ್ಟು ಎಕ್ಸ್‌ಟ್ರಾ ತಂದುಕೊಡು, ಡಿಕ್ಕಿಲಿರ್ಲಿ” ಅಂದ್ರು.