ಗೋವಿಂದನಹಳ್ಳಿಯಲ್ಲಿ ಒಂದು ಮಧ್ಯಾಹ್ನ

ಕೃಷ್ಣರಾಜಪೇಟೆಯ ಸೀಮೆಯಲ್ಲಿ, ಕಿಕ್ಕೇರಿಗೆ ಸಮೀಪವಾಗಿ, ಗೋವಿಂದನಹಳ್ಳಿಯೆಂಬ ಚಿಕ್ಕ ಗ್ರಾಮವುಂಟು. ಹೊಯ್ಸಳರ ಕಾಲದಲ್ಲಿ, ಕ್ರಿ. ಶ. 13ನೆಯ ಶತಮಾನದಲ್ಲಿ, ನಿರ್ಮಿತವಾದ ಪಂಚಲಿಂಗೇಶ್ವರನ ಗುಡಿಯು ಇಲ್ಲಿರುವುದು. ಐದು ಗರ್ಭಗೃಹಗಳು ಒಂದೇ ಸಾಲಿನಲ್ಲಿ ನಿಂತು, ನೀಳವಾದ ಕಂಬಗಳ ಮಂಟಪದಿಂದ ಕೂಡಿಕೊಂಡಿರುವ ಅಂದವನ್ನು ಕಂಡೇ ತಿಳಿಯಬೇಕು. ಇಲ್ಲಿಯ ಶಿಲ್ಪದಲ್ಲಿ ರೂವಾರಿ ಮಲ್ಲಿತಮ್ಮನ ಕೈವಾಡವಿದೆಯೆಂದು ಬಲ್ಲವರು ಹೇಳುವರು. ಸೋಮನಾಥಪುರದ ವಿಗ್ರಹಗಳ ಅಡಿಯಲ್ಲಿ ತನ್ನ ಹೆಸರನ್ನು ಕೊರೆದಿಟ್ಟವನೂ ಅವನೇ.

ದರ್ಶನವಾದ ಮೇಲೆ ನಾವು ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿ ಕುಳಿತೆವು. ಆಗ ನಮ್ಮ ಮಗಳು, "ವಿಗ್ರಹ ಕೆತ್ತಿದವನ ಹೆಸರನ್ನು ಹೇಳಿದಿರಿ, ನಮ್ಮನ್ನು ಕರೆತಂದ ಈ ಜೀಪಿನಂತಹ ಬಂಡಿಗೆ ಮೊದಲು ರೂಪು ಕೊಟ್ಟವರಾರು?" ಎಂದು ಕೇಳಿದಳು. ನಾನು ಬಲ್ಲಷ್ಟನ್ನು ಹೇಳಿದೆನು.

ಪ್ಯಾರಿಸ್ ನಗರದಲ್ಲಿ ಮರ ಕೊಯ್ಯುವ ಯಂತ್ರಗಳನ್ನು ಮಾಡುವ ಕಾರ್ಖಾನೆಯೊಂದಿತ್ತು. ರೆನೆ ಪನಾರ್, ಎಮಿಲ್ ಲೆವಸ್ಸೋರ್ ಎಂಬಿಬ್ಬರು ಇಂಜಿನಿಯರುಗಳು ಅದರ ಒಡೆಯರು. ಜರ್ಮನಿಯ ಡೈಮ್ಲರನ ಎಂಜಿನ್ನನ್ನು ಫ್ರಾನ್ಸಿನಲ್ಲಿ ಮಾಡಿಸುವ ಹೊಣೆಯು ಅವರ ಮಿತ್ರನಾದ ಸರಾಜಾನನದಾಗಿತ್ತು. 1887ರಲ್ಲಿ ಆತನು ತೀರಿಕೊಂಡನು. ಆತನ ಪತ್ನಿ ಲೂಯಿಸಳು ಎದೆಗುಂದದೆ, ತಾನೇ ಡೈಮ್ಲರನನ್ನು ಕಂಡು ಆ ಹಕ್ಕನ್ನು ಪಡೆದುಕೊಂಡಳು. 1890ರಲ್ಲಿ ಆಕೆಯು ಲೆವಸ್ಸೋರನನ್ನು ವರಿಸಲು, ಗರಗಸದ ಕಾರ್ಖಾನೆಯು ಮೋಟಾರಿನ ಕಾರ್ಖಾನೆಯಾಯಿತು.

ಲೆವಸ್ಸೋರನು 1891ರಲ್ಲಿ ಎಂಜಿನ್ನನ್ನು ಬಂಡಿಯ ಮುಂದಿಟ್ಟು, ಅದರ ಹಿಂದೆ ಗೇರುಗಳನ್ನು ಜೋಡಿಸಿ, ಹಿಂದಿನ ಚಕ್ರಗಳನ್ನು ನಡೆಯಿಸಿದನು. ಲೋಕದ ಮೋಟಾರುಗಳು ಬಹುಕಾಲ ಅನುಸರಿಸಿದುದು ಈ ಕ್ರಮವನ್ನೇ. 1895ರಲ್ಲಿ ಪ್ಯಾರಿಸಿನಿಂದ ಬೋರ್ಡೋವಿಗೆ ಹೋಗಿ ಮರಳುವ ಸುಮಾರು 1,178 ಕಿಲೋಮೀಟರುಗಳ ಪಂದ್ಯದಲ್ಲಿ, ಅವನು ಸುಮಾರು 49 ಗಂಟೆಗಳಲ್ಲಿ ಎಲ್ಲರಿಗಿಂತ ಮೊದಲು ಬಂದನು. ಆದರೆ ಅವನದು ಇಬ್ಬರೇ ಕೂರುವ ಬಂಡಿಯಾದುದರಿಂದ, ನಿಯಮದಂತೆ ಮೊದಲನೆಯ ಬಹುಮಾನವು ಬೇರೊಬ್ಬರ ಪಾಲಾಯಿತು. ಮರುವರ್ಷದ ಪಂದ್ಯದಲ್ಲಿ ಬಂಡಿಯುರುಳಿ ಗಾಯಗೊಂಡ ಆತನು 1897ರಲ್ಲಿ ಕಾಲವಾದನು. ಕಾರ್ಖಾನೆಯು 1965ರಲ್ಲಿ ಸಿಟ್ರೋಯೆನ್ ಸಂಸ್ಥೆಯಲ್ಲಿ ಸೇರಿಹೋಯಿತು. 1967ರಲ್ಲಿ ಅದರ ಕಾರುಗಳ ತಯಾರಿಕೆಯೂ ನಿಂತಿತು.

"ಕಾರ್ಖಾನೆಗೆ ಯಾರ ಹೆಸರಿತ್ತು?" ಎಂದಳು ಮಗಳು.

"ಪನಾರ್ ಮತ್ತು ಲೆವಸ್ಸೋರ್."

"ಲೂಯಿಸಳದು?"

ಇರಲಿಲ್ಲವೆಂದು ಹೇಳಬೇಕಾಯಿತು. ಅವಳು ಎದ್ದು ಮಂಟಪದ ಕಡೆ ನೋಡಿ, "ಇಲ್ಲಿಯೂ ಕಲ್ಲು ಹೊತ್ತವರು, ಅವರಿಗೆ ಅನ್ನ ಬೇಯಿಸಿದವರು ಇದ್ದಿರಬೇಕು" ಎಂದಳು. ನನಗೆ ಉತ್ತರ ತೋಚಲಿಲ್ಲ. ಹೊರಡುವ ಮುನ್ನ ಇನ್ನೊಮ್ಮೆ ಒಳಹೊಕ್ಕು, ಹೆಸರಿಲ್ಲದ ಆ ಕೈಗಳಿಗೂ ಸೇರುವಂತೆ ಕೈಮುಗಿದು ಬಂದೆವು.