ಅನ್ನಕ್ಕೆ ದೋಷ ಹೇಳದ ನಾಲಿಗೆ

ನಮ್ಮ ಕರಾವಳಿಯ ಮನೆಗಳ ದಿನನಿತ್ಯದ ಅಡುಗೆಯಲ್ಲಿ ಆಡಂಬರವಿಲ್ಲ. ಬೆಳಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಕುಚ್ಚಲಕ್ಕಿಯ ಅನ್ನ, ತೆಂಗಿನಕಾಯಿ, ಮೆಣಸು, ಕೊತ್ತಂಬರಿ, ಹುಣಸೆಹುಳಿ ಅರೆದು ಮಾಡಿದ ಬಂಗುಡೆಯ ಸಾರು, ರಾತ್ರಿಗೆ ಗಂಜಿ. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳು ಕಡಲಿಗಿಳಿಯದ 61 ದಿನಗಳಲ್ಲಿ, ಒಣಮೀನಿನ ಚಟ್ನಿ, ಹುರುಳಿ ಸಾರು, ಹಲಸಿನ ಬೀಜದ ಪಲ್ಯ. ಮತ್ತೆ ಮತ್ತೆ ಸುತ್ತಿ ಬರುವ ಈ ಕೆಲವೇ ಪದಾರ್ಥಗಳಲ್ಲಿ ಅಲ್ಲಾಹನು ಎಂತಹ ರುಚಿಯನ್ನಿಟ್ಟಿದ್ದಾನೆ ಎಂದರೆ, ವರ್ಷಗಳ ಕಾಲ ಉಂಡರೂ ನಾಲಿಗೆ ಅವುಗಳಿಂದ ಬೇಸರಗೊಳ್ಳುವುದಿಲ್ಲ.

ಆದರೆ ಅದೇ ನಾಲಿಗೆ ಒಂದು ಕ್ಷಣದಲ್ಲಿ ಅಡುಗೆಮನೆಯ ಇಡೀ ದಿನದ ಶ್ರಮವನ್ನು ಅಳಿಸಿಹಾಕಬಲ್ಲದು. ‘ಉಪ್ಪು ಸಾಲದು’ ಎಂಬ ಎರಡು ಪದಗಳು ಅದಕ್ಕೆ ಸಾಕು.

ಪ್ರವಾದಿ ಮುಹಮ್ಮದ್(ಸ) ಎಂದೂ ಆಹಾರದಲ್ಲಿ ದೋಷ ಹೇಳಲಿಲ್ಲ, ಇಷ್ಟವಾದರೆ ಸೇವಿಸುತ್ತಿದ್ದರು, ಇಲ್ಲವಾದರೆ ಬಿಟ್ಟುಬಿಡುತ್ತಿದ್ದರು ಎಂದು ಅಬೂಹುರೈರಾ(ರ) ವರದಿ ಮಾಡಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ದೋಷ ಹೇಳುವುದು ಎಂದರೇನು? ಇಮಾಮ್ ನವವಿಯವರು ಮುಸ್ಲಿಮ್‌ನ ವ್ಯಾಖ್ಯಾನದಲ್ಲಿ ಅದನ್ನು ಬಿಡಿಸಿ ಹೇಳುತ್ತಾರೆ: ಉಪ್ಪು ಹೆಚ್ಚಾಗಿದೆ, ಕಡಿಮೆಯಾಗಿದೆ, ಹುಳಿಯಾಗಿದೆ, ತೆಳುವಾಗಿದೆ, ಗಟ್ಟಿಯಾಗಿದೆ, ಬೆಂದಿಲ್ಲ ಎನ್ನುವಂತಹ ಮಾತುಗಳು. 13ನೆಯ ಶತಮಾನದಲ್ಲಿ ಸಿರಿಯಾದಲ್ಲಿ ಬಾಳಿದ ಆ ವಿದ್ವಾಂಸರು ನಮ್ಮ ಮನೆಯ ಊಟದ ಚಾಪೆಯ ಪಕ್ಕದಲ್ಲೇ ಕುಳಿತಿದ್ದರೇನೋ ಎನಿಸುತ್ತದೆ.

ಇಲ್ಲಿ ಒಂದು ಪ್ರಶ್ನೆಯನ್ನು ಕೆಲವರು ಎತ್ತಿದ್ದರು. ಅನ್ನವು ಅಲ್ಲಾಹನ ಸೃಷ್ಟಿ, ಅದನ್ನು ಹಳಿಯಬಾರದು. ಆದರೆ ಅಡುಗೆ ಮನುಷ್ಯರ ಕೆಲಸವಲ್ಲವೇ, ಅದರ ದೋಷವನ್ನು ಹೇಳಬಾರದೇ? ಬುಖಾರಿಯ ವ್ಯಾಖ್ಯಾನಕಾರರಾದ ಇಬ್ನು ಹಜರ್ ಅಸ್ಕಲಾನಿಯವರು ಈ ವ್ಯತ್ಯಾಸವನ್ನು ಒಪ್ಪಲಿಲ್ಲ. ಅವರು ನೀಡಿದ ಕಾರಣ, ಹಾಗೆ ಹೇಳುವುದರಿಂದ ಅಡುಗೆ ಮಾಡಿದವರ ಹೃದಯ ಮುರಿಯುತ್ತದೆ ಎಂಬುದು. ಮದ್ರಸದ ಪಾಠದಲ್ಲಿ ಈ ಸಾಲನ್ನು ದಾಟಿ ಮುಂದೆ ಹೋಗುವುದು ಸುಲಭ. ಅದರ ಅರ್ಥ ನನಗೆ ತಿಳಿದದ್ದು ಮನೆಯಲ್ಲಿ.

ಬೀಡಿ ಎಲೆಯ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡೇ ಸಾರು ಕುದಿಯುವ ಸದ್ದನ್ನು ಆಲಿಸಿ ಒಲೆಯ ಉರಿ ತಗ್ಗಿಸುತ್ತಿದ್ದವರು ನನ್ನ ಉಮ್ಮ. ಕೊನೆಯ ವರ್ಷಗಳಲ್ಲಿ ಅವರನ್ನು ಮರೆವು ಆವರಿಸಿತು. ಒಂದು ದಿನ ಸಾರಿಗೆ ಉಪ್ಪೇ ಇರುತ್ತಿರಲಿಲ್ಲ, ಮರುದಿನ ಎರಡು ಬಾರಿ ಬಿದ್ದಿರುತ್ತಿತ್ತು. ಇನ್ನು ಅವರನ್ನು ಅಡುಗೆಯಿಂದ ಬಿಡಿಸೋಣ ಎಂಬ ಮಾತು ಮನೆಯಲ್ಲಿ ಬಂದಾಗ ತಂದೆಯವರು ಒಪ್ಪಲಿಲ್ಲ. “ಬೆಂಕಿಯನ್ನು ಸೊಸೆ ನೋಡಿಕೊಳ್ಳಲಿ. ಸಾರು ಅವಳೇ ಮಾಡಲಿ” ಎಂದರು.

ಅಂದಿನಿಂದ ಊಟದ ಚಾಪೆಯ ನಡುವೆ ಒಂದು ಬಟ್ಟಲು ಉಪ್ಪು, ಒಂದು ಪಾತ್ರೆ ಗಂಜಿತಿಳಿ ಬಂದು ಕುಳಿತವು. ಸಪ್ಪೆಯೆನಿಸಿದವರು ಉಪ್ಪು ಹಾಕಿಕೊಳ್ಳುತ್ತಿದ್ದರು, ಉಪ್ಪಾದ ದಿನ ತಿಳಿ ಬೆರೆಸಿಕೊಳ್ಳುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ತಂದೆಯವರು ಬಿಸ್ಮಿ ಹೇಳಿ ಮೊದಲ ತುತ್ತು ಉಂಡು, “ಹುಳಿ ಚೆನ್ನಾಗಿ ಹಿಡಿದಿದೆ” ಎನ್ನುತ್ತಿದ್ದರು. ಅದು ಸುಳ್ಳು ಹೊಗಳಿಕೆಯಲ್ಲ. ಉಮ್ಮನ ಕೈ ಹುಳಿಯ ಲೆಕ್ಕವನ್ನು ಕೊನೆಯವರೆಗೂ ಮರೆಯಲಿಲ್ಲ. ಹಾಸಿಗೆ ಹಿಡಿಯುವವರೆಗೂ ಆ ಮನೆಯ ಸಾರು ಅವರದೇ ಆಗಿತ್ತು.

ದೋಷ ಹೇಳಬಾರದು ಎಂದರೆ ರುಚಿಸದ್ದನ್ನು ರುಚಿಯೆಂದು ನಟಿಸಬೇಕೆಂದಲ್ಲ. ಉಡವನ್ನು ಹೋಲುವ ಮರುಭೂಮಿಯ ಪ್ರಾಣಿಯೊಂದರ ಮಾಂಸವನ್ನು ಮುಂದಿಟ್ಟಾಗ ಪ್ರವಾದಿಯವರು(ಸ) ಕೈ ಹಿಂತೆಗೆದರು. ಅದು ನಿಷಿದ್ಧವೇ ಎಂದು ಕೇಳಿದಾಗ ಅಲ್ಲವೆಂದರು. ತಮ್ಮ ನಾಡಿನಲ್ಲಿ ಅದಿರಲಿಲ್ಲ, ಆದ್ದರಿಂದ ತಮಗೆ ಹಿಡಿಸದು ಎಂದಷ್ಟೇ ತಿಳಿಸಿದರು. ಅವರೆದುರಿನಲ್ಲೇ ಖಾಲಿದ್ ಬಿನ್ ವಲೀದ್(ರ) ಅದನ್ನು ಸೇವಿಸಿದರು. ಇನ್ನೊಮ್ಮೆ ಮನೆಯಲ್ಲಿ ರೊಟ್ಟಿಗೆ ನೆಂಚಿಕೊಳ್ಳಲು ವಿನೆಗರ್ ಬಿಟ್ಟರೆ ಬೇರೇನೂ ಇರಲಿಲ್ಲ. ಪ್ರವಾದಿಯವರು(ಸ) ಅದನ್ನೇ ತರಿಸಿಕೊಂಡು, ಎಷ್ಟು ಒಳ್ಳೆಯ ವ್ಯಂಜನವಿದು ಎಂದು ಹೊಗಳುತ್ತಾ ಸೇವಿಸಿದರೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ಮನಸ್ಸಿಗೆ ಹಿಡಿಸದ್ದನ್ನು ಸೌಮ್ಯವಾಗಿ ಬಿಡುವುದು, ಇರುವ ಅಲ್ಪದಲ್ಲಿ ಒಳಿತನ್ನು ಕಂಡು ಬಾಯಿ ತೆರೆದು ಹೇಳುವುದು, ಇವೆರಡೂ ಸುನ್ನತ್.

ಪ್ರಿಯ ಸಹೋದರರೇ, ಉಂಡ ಬಳಿಕ ನಾವು ಅಲ್‌ಹಮ್ದುಲಿಲ್ಲಾಹ್ ಎನ್ನುತ್ತೇವೆ. ಜನರಿಗೆ ಕೃತಜ್ಞರಲ್ಲದವರು ಅಲ್ಲಾಹನಿಗೂ ಕೃತಜ್ಞರಲ್ಲ ಎಂಬುದೂ ಪ್ರವಾದಿವಚನವೇ. ಆದ್ದರಿಂದ ಇಂದು ರಾತ್ರಿ ಕೈ ತೊಳೆಯುವ ಮುನ್ನ, ಬಡಿಸಿದವರಿಗೆ ಒಂದು ನಿಜವಾದ ಮಾತು ಹೇಳೋಣ. ಸಾರು ಸಪ್ಪೆಯಾಗಿದ್ದರೆ ರೊಟ್ಟಿ ಮೃದುವಾಗಿದ್ದೀತು. ನಮ್ಮ ಮಕ್ಕಳು ಅದನ್ನು ಕೇಳಿಸಿಕೊಳ್ಳಲಿ. ನಾವು ಉಣ್ಣುವ ಅನ್ನದಲ್ಲೂ ಅದನ್ನು ಬೇಯಿಸಿದ ಕೈಗಳಲ್ಲೂ ಅಲ್ಲಾಹನು ಬರಕತ್ ನೀಡಲಿ. ಆಮೀನ್.